ಕಾಗೆ ಓಡಿಸಿದ ವರ್ಷ

ಸಹಕಾರನಗರದ ನಮ್ಮ ಪಾರ್ಕಿನಲ್ಲಿ ಮೊನ್ನೆ ಬೆಳಿಗ್ಗೆ ಮರದ ಬುಡಗಳಿಗೆ ಸುಣ್ಣ ಬಳಿಯುತ್ತಿದ್ದರು. ಯಾರೋ ದೊಡ್ಡವರು ಬರುವವರಿದ್ದರಂತೆ. ಬಕೆಟ್ಟಿನಲ್ಲಿ ಆಗತಾನೆ ನೀರು ಹೊಯ್ದು ಕಲಕಿದ ಸುಣ್ಣ, ಅದರ ಬಿಸಿ ಹಬೆ, ಮೂಗಿಗೆ ಚುರ್ರೆನ್ನುವ ವಾಸನೆ. ಜೊತೆಗೆ ವಾಕಿಂಗ್ ಬರುವವರು ಮೂಗು ಮುಚ್ಚಿಕೊಂಡು ಮುಂದೆ ಹೋದರು. ನಾನು ಅಲ್ಲೇ ಕಲ್ಲುಬೆಂಚಿನ ಮೇಲೆ ಕೂತುಬಿಟ್ಟೆ. "ಏನ್ ಸಾರ್, ವಿಂಗ್ ಕಮಾಂಡರ್ ಸಾಹೇಬ್ರಿಗೆ ಸುಸ್ತಾಯ್ತಾ?" ಎಂದು ಒಬ್ಬರು ಕೂಗಿದರು. ಸುಸ್ತೂ ಇಲ್ಲ, ಮಣ್ಣೂ ಇಲ್ಲ. ನನಗೆ ಅಣ್ಣ ನೆನಪಾಗಿದ್ದ. ಅವನೂ ನಾನೂ ಸೇರಿ ಕಾಗೆ ಓಡಿಸಿದ ಆ ಮಳೆಗಾಲ ನೆನಪಾಗಿತ್ತು.

ಅಣ್ಣನ ಹೆಸರು ಮುನಿಶಾಮಣ್ಣ. ರಾಜಾನುಕುಂಟೆಯ ಹತ್ತಿರ ಮುಖ್ಯರಸ್ತೆ ಬಿಟ್ಟು ಒಳಕ್ಕೆ ತಿರುಗಿದರೆ ಸಿಗುವುದು ನಮ್ಮೂರು. ಈಗ ಅಲ್ಲಿ ಎಲ್ಲಿ ನೋಡಿದರೂ ಲೇಔಟುಗಳ ಕಮಾನು. ಆಗ ರಾಗಿ ಹೊಲ, ದ್ರಾಕ್ಷಿ ಚಪ್ಪರ, ನೀಲಗಿರಿ ತೋಪು. ಅಪ್ಪ ಬೇಗ ತೀರಿಕೊಂಡಿದ್ದರಿಂದ ಅಣ್ಣ ಸ್ಕೂಲು ಬಿಟ್ಟು ನೇಗಿಲು ಹಿಡಿದ, ನನ್ನನ್ನು ಓದಿಸಿದ. ಯಲಹಂಕದ ವಾಯುನೆಲೆಗೆ ಇಳಿಯಲು ಹೋಗುವ ವಿಮಾನಗಳು ನಮ್ಮ ಹೊಲದ ಮೇಲೇ ತಗ್ಗಿ ಹೋಗುತ್ತಿದ್ದವು. ನಾನು ದನ ಬಿಟ್ಟು ಅವುಗಳ ಹಿಂದೆ ಓಡುತ್ತಿದ್ದೆ, ಅಣ್ಣ ಕೋಲು ಹಿಡಿದು ನನ್ನ ಹಿಂದೆ ಓಡುತ್ತಿದ್ದ. ನಾನು ವಾಯುಪಡೆ ಸೇರಲು ಹೊರಟ ದಿನ ಯಶವಂತಪುರ ಸ್ಟೇಷನ್ನಿಗೆ ಬಂದು, ಪ್ಲಾಟ್‌ಫಾರಂನಲ್ಲಿ ಒಂದು ಮಾತೂ ಆಡದೆ ನಿಂತಿದ್ದ. ರೈಲು ಅಲ್ಲಾಡಿದಾಗ ಕಿಟಕಿಯ ಕಂಬಿ ಹಿಡಿದು "ಉಸಾರು ಕಣ್ಲಾ ನಂಜ" ಎಂದ. ಅಷ್ಟೇ.

ವಾಯುಪಡೆಯ ಪೈಲಟ್ ಅಂದರೆ ಜನರ ತಲೆಯಲ್ಲಿ ಒಂದೇ ಚಿತ್ರ, ಆಕಾಶ ಸೀಳಿಕೊಂಡು ಹೋಗಿ ಬಾಂಬು ಹಾಕುವವನು. ನಾನು ಓಡಿಸಿದ್ದು ಸಾಮಾನು ಹೊರುವ ವಿಮಾನ. ಗಡಿಯ ಬೆಟ್ಟಗಳಿಗೆ ಅಕ್ಕಿ ಬೇಳೆ, ಸೀಮೆಎಣ್ಣೆ ಡ್ರಮ್ಮು, ಕಂಬಳಿ, ಒಮ್ಮೊಮ್ಮೆ ಬ್ಯಾ ಎನ್ನುವ ಜೀವಂತ ಕುರಿಗಳನ್ನೂ ಸಾಗಿಸಿದ್ದೇನೆ. ಹೋಗುವಾಗ ಕುರಿ, ಬರುವಾಗ ಕಾಯಿಲೆ ಬಿದ್ದ ಜವಾನರು, ಕೆಲವು ಸಲ ಬಾವುಟ ಹೊದಿಸಿದ ಪೆಟ್ಟಿಗೆ. ಮದುವೆ ಮನೆಗಳಲ್ಲಿ ಯಾರಾದರೂ ಕಣ್ಣರಳಿಸಿಕೊಂಡು ಕೇಳುತ್ತಾರೆ, ನಾನು ನಿಜ ಹೇಳುತ್ತೇನೆ, ಅವರು "ಓ, ಫೈಟರ್ ಅಲ್ವಾ?" ಎಂದು ಮುಖ ಸಪ್ಪೆ ಮಾಡಿಕೊಂಡು ಪಲ್ಯದ ಕಡೆ ತಿರುಗುತ್ತಾರೆ. ನನಗೆ ಮೊದಲೇ ಮೂಗಿನ ತುದಿಯಲ್ಲಿ ಕೋಪ. ನನ್ನ ಹೆಂಡತಿ ಶಾಂತಾ ಟೇಬಲ್ ಕೆಳಗಿನಿಂದ ಕಾಲು ತುಳಿದು ಸುಮ್ಮನಿರಿಸುತ್ತಾಳೆ.

ಅಣ್ಣನಂತೂ ನನ್ನ ಕೆಲಸದ ಬಗ್ಗೆ ಒಂದು ದಿನ ಒಂದು ಮಾತು ಕೇಳಿದವನಲ್ಲ. ಊರಿಗೆ ಬಂದವರಿಗೆ "ನಮ್ ತಮ್ಮ ಇಮಾನದ ಡ್ರೈವರ್ರು" ಎಂದು ಹೇಳಿ ಮುಗಿಸುತ್ತಿದ್ದ. ರಜೆಯಲ್ಲಿ ಬಂದಾಗ ಅವನ ಪ್ರಶ್ನೆ ಒಂದೇ, "ಆ ಕಡೆ ಮಳೆ ಎಂಗೆ?" ಹಿಮಾಲಯದ ಮಧ್ಯೆ ಬಿರುಗಾಳಿಗೆ ಸಿಕ್ಕಿ ಬದುಕಿ ಬಂದ ಕತೆ ನನ್ನ ನಾಲಿಗೆಯ ತುದಿಯಲ್ಲಿರುತ್ತಿತ್ತು. ಅವನಿಗೆ ಮಳೆಯ ಲೆಕ್ಕ ಬೇಕು. ಸಿಟ್ಟು ಬಂದು ನಾನೂ ಹೇಳುವುದನ್ನು ಬಿಟ್ಟೆ. ನಿವೃತ್ತಿಯಾಗಿ, ಇಲ್ಲಿ ಮನೆ ಕಟ್ಟಿಸಿಕೊಂಡು, ಅರ್ಧ ಗಂಟೆಯ ದಾರಿಯಲ್ಲಿದ್ದರೂ ನಮ್ಮಿಬ್ಬರ ಮಾತು ಹಬ್ಬಕ್ಕೆ ಬಂದು ಹೋಗುವಷ್ಟೇ ಆಗಿತ್ತು.

ಆ ವರ್ಷ ಆಷಾಢದಲ್ಲಿ ವಾಯುನೆಲೆಯ ಒಬ್ಬ ಕಿರಿಯ ಅಧಿಕಾರಿ ಮನೆಗೆ ಬಂದರು. ಒಂದು ಕಾಲದಲ್ಲಿ ನನ್ನ ಕೈಯಲ್ಲಿ ಕಲಿತ ಹುಡುಗ. ದೊಡ್ಡಬಳ್ಳಾಪುರ ರಸ್ತೆಯ ಬದಿಯ ಕೋಳಿ, ಮಟನ್ ಅಂಗಡಿಗಳ ತ್ಯಾಜ್ಯವನ್ನು ಯಾರೋ ತಂದು ನಮ್ಮೂರ ಕೆರೆಯಂಗಳದಲ್ಲಿ ಸುರಿಯುತ್ತಿದ್ದಾರೆ, ಅದಕ್ಕೆ ಹದ್ದು ಕಾಗೆಗಳು ಮುತ್ತುತ್ತಿವೆ, ವಿಮಾನ ಇಳಿಯುವ ದಾರಿ ಸರಿಯಾಗಿ ಅದರ ಮೇಲೇ ಇದೆ ಎಂದರು. "ನಾವು ಹೇಳಿದ್ರೆ ಸರ್ಕಾರಿ ನೋಟಿಸ್ ಅನ್ಕೋತಾರೆ ಸಾರ್. ನೀವು ಅದೇ ಊರಿನವರು." ಆಗಷ್ಟೇ ಹಾರುವುದು ಕಲಿಯುತ್ತಿರುವ ಹುಡುಗರು ಆ ದಾರಿಯಲ್ಲಿ ದಿನವೂ ಬರುತ್ತಾರೆ. ನಾನು ಕಾಫಿ ಲೋಟ ಕೆಳಗಿಡುವ ಮೊದಲೇ ಒಪ್ಪಿಕೊಂಡೆ.

ಒಪ್ಪಿಕೊಂಡಿದ್ದೇನೋ ಸರಿ, ಮೊದಲ ಸಭೆಯಲ್ಲೇ ಮಾನ ಹೋಯಿತು. ನಮ್ಮ ಕಡೆಯ ಭಾಷೆಯಲ್ಲಿ ಹಕಾರಕ್ಕೆ ಜಾಗವಿಲ್ಲ. ನಾನು ಇಷ್ಟು ವರ್ಷ ಹೊರಗಿದ್ದು ಅದನ್ನು ಮರೆತೇಬಿಟ್ಟಿದ್ದೆ. ಹಾರುವಾಗ ಹಕ್ಕಿ ಬಂದು ಬಡಿಯುವುದಕ್ಕೆ ನಾವು ಇಂಗ್ಲಿಷಿನಲ್ಲಿ ಹೇಳುವುದನ್ನೇ ಕನ್ನಡ ಮಾಡಿಕೊಂಡು "ಹಕ್ಕಿ ಹೊಡೆತದ ಬಗ್ಗೆ ತಿಳುವಳಿಕೆ ಸಭೆ" ಎಂದು ಊರಲ್ಲಿ ಸಾರಲು ಹೇಳಿ ಕಳಿಸಿದ್ದೆ. ಅದು ಬಾಯಿಂದ ಬಾಯಿಗೆ ಹೋಗಿ "ಅಕ್ಕಿ" ಆಯಿತು. ಅರಳಿಕಟ್ಟೆಯ ಸುತ್ತ ನೋಡುತ್ತೇನೆ, ಹೆಂಗಸರೆಲ್ಲ ರೇಷನ್ ಚೀಲ ಹಿಡಿದು ಕೂತಿದ್ದಾರೆ! "ಅಕ್ಕಿ ಇಸ್ಯ ಅಂದ್ರಲ್ಲಪ್ಪ, ತಲೆಗೆಷ್ಟು ಕೊಡ್ತಾರಂತೆ?" ಎಂದು ಒಂದು ಅಜ್ಜಿ ಕೇಳಿತು. ಅಕ್ಕಿಯಲ್ಲ ತಾಯಿ, ಹಾರುವ ಹಕ್ಕಿ ಎಂದು ಎರಡು ಕೈ ಬಡಿದು ತೋರಿಸಿದೆ. ಆಗ ಇನ್ನೊಬ್ಬ ಎದ್ದು ನಿಂತು, "ನಮ್ಮೂರಾಗೆ ಯಾರೂ ಅಕ್ಕಿ ಒಡೆಯಾಕಿಲ್ಲ ಸಾರ್, ಪಕ್ಕದೂರೋರ್ನ ಇಡೀರಿ" ಎಂದ. ಕಟ್ಟೆಯ ಮೇಲೆ ಕೂತಿದ್ದ ಅಣ್ಣ ಹೊಟ್ಟೆ ಹಿಡಿದುಕೊಂಡು ನಕ್ಕ.

ಆ ನಗುವನ್ನು ನನಗೆ ತಡೆದುಕೊಳ್ಳಲಾಗಲಿಲ್ಲ. ಸಭೆ ಚದುರಿದ ಮೇಲೆ ಅಣ್ಣ ಬೇರೆ "ಅದ್ದು ಕಾಗೆ ಓಡ್ಸಾಕೆ ಅಷ್ಟೊಂದು ಓದ್ಬೇಕಿತ್ತೇನ್ಲಾ?" ಎಂದ. ಮೈಯೆಲ್ಲ ಉರಿದುಹೋಯಿತು. ಅದೇ ಕಟ್ಟೆಯ ಮೇಲೆ ನಿಂತು, ಮನೆಯವರಾರಿಗೂ, ಶಾಂತಾಳಿಗೂ ಪೂರ್ತಿ ಹೇಳಿರದ ಕತೆಯನ್ನು ಅವನ ಮುಖಕ್ಕೆ ಹೇಳಿಬಿಟ್ಟೆ.

ಅರವಿಂದ ಎಂದು ನನ್ನ ಜೊತೆ ಹಾರುತ್ತಿದ್ದ ಕಿರಿಯ ಪೈಲಟ್. ಮದುವೆಯಾಗಿ ವರ್ಷ ತುಂಬಿರಲಿಲ್ಲ. ಈಶಾನ್ಯದ ಒಂದು ಸಣ್ಣ ವಿಮಾನನೆಲೆಯಿಂದ ಬೆಳಿಗ್ಗೆ ಹೊರಟಿದ್ದೆವು. ಚಕ್ರ ನೆಲ ಬಿಟ್ಟು ಇನ್ನೂ ಮರಗಳ ತಲೆ ದಾಟಿರಲಿಲ್ಲ, ಒಂದು ಹದ್ದು ಬಲಗಡೆ, ಅವನ ಸೀಟಿನ ಮುಂದಿನ ಗಾಜು ಒಡೆದುಕೊಂಡು ಒಳಗೆ ಬಂತು. ಅದು ತನ್ನ ಪಾಡಿಗೆ ತಾನು ಹಾರುತ್ತಿತ್ತು, ನಾವು ನಮ್ಮ ಪಾಡಿಗೆ ಏಳುತ್ತಿದ್ದೆವು. ಒಳಗೆಲ್ಲ ಗಾಳಿ, ಗಾಜು, ಗರಿ, ರಕ್ತ. ಅವನ ಹೆಸರು ಕೂಗುತ್ತಲೇ ಒಂದು ಸುತ್ತು ತಿರುಗಿಸಿ ತಂದು ಇಳಿಸಿದೆ. ಹಿಂದೆ ಕೂತಿದ್ದ ಜವಾನರಿಗೆ ಒಂದು ಗೀರೂ ಆಗಲಿಲ್ಲ. ಅರವಿಂದ ಉಳಿಯಲಿಲ್ಲ. ಅವನ ಹೆಂಡತಿಗೆ ಸುದ್ದಿ ಹೇಳಿದವನೂ ನಾನೇ. ಆ ಹುಡುಗಿ ಅಳಲಿಲ್ಲ. "ಹಕ್ಕಿಯಾ?" ಎಂದು ಕೇಳಿದಳು. ನಾನು ಹೌದೆಂದೆ. "ಹಕ್ಕಿಯಾ?" ಎಂದು ಮತ್ತೆ ಕೇಳಿದಳು. ನಾನು ಅಲ್ಲಿರುವವರೆಗೂ ಅದೊಂದನ್ನೇ ಕೇಳುತ್ತಿದ್ದಳು.

ಅಣ್ಣ "ಇಷ್ಟ್ ವರ್ಸ ಯಾಕ್ಲಾ ಏಳ್ನಿಲ್ಲ?" ಎಂದ.

"ನೀನೆಲ್ಲಿ ಕೇಳ್ದೆ?"

ಅವನು ಬಾಯಲ್ಲಿದ್ದ ಎಲೆಅಡಿಕೆಯನ್ನು ಕಟ್ಟೆಯ ಆಚೆ ಉಗಿದು, ಹೆಗಲ ಟವಲ್ಲಿನಿಂದ ಬಾಯಿ ಒರೆಸಿಕೊಂಡು, ಚಪ್ಪಲಿ ಹುಡುಕಿದ. "ನಡಿ" ಎಂದ.

ಆ ಸಂಜೆಯೇ ಅಂಗಡಿ ಅಂಗಡಿ ಸುತ್ತಿದೆವು. ನಾನು ಕಾನೂನು ಹೇಳಲು ಬಾಯಿ ತೆರೆದರೆ ಅಣ್ಣ ಕೈಯಡ್ಡ ಹಿಡಿಯುತ್ತಿದ್ದ. ಅವನ ಮಾತಿನ ವರಸೆಯೇ ಬೇರೆ. "ನೋಡ್ಲಾ ರಾಮು, ನನ್ ಒಲದ ಮೂಲೇಲಿ ಗುಂಡಿ ತೋಡ್ಸ್ತೀನಿ. ಕಸ ಎಲ್ಲ ಅಲ್ಲಿ ತಂದಾಕು. ಕೆರೆತಾವ ಆಕಿದ್ದು ಏನಾರ ಕಂಡೆ, ನಿನ್ನೂ ಅದೇ ಗುಂಡೀಲಿ ಆಕಿ ಮಣ್ಣೆಳೀತೀನಿ." ಕೋಳಿ ಅಂಗಡಿಯ ರಾಮು ನಕ್ಕ, ಆದರೆ ಮಾರನೆಯ ದಿನದಿಂದ ಅಲ್ಲಿಗೇ ತಂದ. ಅವನನ್ನು ನೋಡಿ ಉಳಿದವರೂ ತಂದರು. ಊರಿನಲ್ಲಿ ಅಣ್ಣನ ಮಾತಿಗೆ ಆ ತೂಕವಿತ್ತು.

ಶ್ರಾವಣ, ಭಾದ್ರಪದ ಪೂರ್ತಿ ಅದೇ ಕೆಲಸ. ಆ ವರ್ಷ ಮಳೆಯೂ ಬಿಟ್ಟೂಬಿಡದೆ ಹಿಡಿಯಿತು. ಭಾನುವಾರದ ವ್ಯಾಪಾರ ಮುಗಿದರೆ ಸೋಮವಾರ ಬೆಳಿಗ್ಗೆ ಗುಂಡಿ ತುಂಬಿರುತ್ತಿತ್ತು. ನಾನು ಗಂಬೂಟು ಹಾಕಿಕೊಂಡು ಇಲ್ಲಿಂದ ಕಾರಿನಲ್ಲಿ ಹೋಗುತ್ತಿದ್ದೆ. ಅಣ್ಣ ಪಂಚೆ ಎತ್ತಿ ಕಟ್ಟಿಕೊಂಡು ಸಲಿಕೆ ಹಿಡಿದಿರುತ್ತಿದ್ದ. ಅವನು ಮಣ್ಣೆಳೆದರೆ ನಾನು ಸುಣ್ಣ ಚೆಲ್ಲಬೇಕು. ಮಳೆಹನಿ ಬಿದ್ದ ಕೂಡಲೇ ಸುಣ್ಣ ಬುಸುಗುಟ್ಟಿ ಹಬೆ ಏಳುವುದು, ಇಬ್ಬರಿಗೂ ಕೆಮ್ಮು. ಕೆಲಸ ಮುಗಿಸಿ ಅತ್ತಿಗೆಯ ಕೈಯ ಕಾಫಿ ಕುಡಿದು ಬಂದರೆ, ಶಾಂತಾ ನನ್ನನ್ನು ಒಳಗೆ ಬಿಟ್ಟುಕೊಳ್ಳದೆ ಹಿತ್ತಲಿನ ನಲ್ಲಿಯ ಕೆಳಗೆ ಕೂರಿಸುತ್ತಿದ್ದಳು. "ದೇಶಕ್ಕೆ ಇಷ್ಟು ಸೇವೆ ಮಾಡಿದ್ದು ಸಾಲ್ದಾ ನಿಮ್ಗೆ? ನಾತ ಬೇರೆ ಹೊತ್ಕೊಂಡು ಬರ್ಬೇಕಾ?"

ನಾನು ನಿಜ ಹೇಳಿಬಿಡುತ್ತೇನೆ, ಆ ನಾತದ ನಡುವೆ ನಾನು ತುಂಬಾ ಸುಖವಾಗಿದ್ದೆ. ಅಣ್ಣನ ಪಕ್ಕದಲ್ಲಿ ನಿಂತು ಮೈಮುರಿದು ದುಡಿದಿದ್ದು ಹೈಸ್ಕೂಲಿನ ದಿನಗಳ ನಂತರ ಅದೇ ಮೊದಲು. ಮಾತೇನೂ ಹೆಚ್ಚಿರಲಿಲ್ಲ. "ಆ ಕಡೆ ಒಸಿ ಚೆಲ್ಲು", "ಕಣ್ಗೆ ಬಿದ್ದೀತು, ಇಂದಕ್ಕೆ ನಿಂತ್ಕೊ", ಇಷ್ಟೇ. ಅರವಿಂದನ ಸುದ್ದಿಯನ್ನು ಅವನು ಮತ್ತೆ ಎತ್ತಲೂ ಇಲ್ಲ.

ನವರಾತ್ರಿಯ ಹೊತ್ತಿಗೆ ಆಕಾಶ ತೊಳೆದಂತೆ ಆಗಿತ್ತು. ಕೆರೆಯಂಗಳದ ಮೇಲೆ ಸುತ್ತುತ್ತಿದ್ದ ಹದ್ದುಗಳು ಮಾಯ. ಕಾಗೆಗಳು ಯಲಹಂಕದ ಹಳೇ ಊರಿನ ಕಡೆಗೋ ಎಲ್ಲಿಗೋ ವಲಸೆ ಹೋದವು. ಕಿರಿಯ ಅಧಿಕಾರಿ ಫೋನ್ ಮಾಡಿ ಥ್ಯಾಂಕ್ಸ್ ಹೇಳಿದರು. ನಾನು ಉಬ್ಬಿಹೋಗಿ ಅಣ್ಣನಿಗೆ ತಿಳಿಸಿದೆ. "ಅಂಗಂದ್ರೆ ಇನ್ನ ಗುಂಡಿ ಮುಚ್ಬೌದಾ?" ಎಂದ. ಇಲ್ಲ, ಬಿಟ್ಟರೆ ಮತ್ತೆ ಬರುತ್ತವೆ ಎಂದೆ. "ಅಂಗಾರೆ ಮಾತು ಸಾಕು, ಸುಣ್ಣ ತತ್ತಾ."

ಕಾರ್ತಿಕದಲ್ಲಿ, ರಾಗಿ ತೆನೆ ಬಲಿತು ತಲೆ ಬಾಗಿಸಿದ್ದಾಗ, ಅಣ್ಣ ಪಂಪ್‌ಹೌಸಿನ ಬಾಗಿಲಲ್ಲಿ ಕೂತವನು ಏಳಲಿಲ್ಲ. ಹಾರ್ಟ್ ಅಟ್ಯಾಕು. ಅವನ ಮಗ ಮಂಜು ಫೋನ್ ಮಾಡಿ "ಚಿಕ್ಕಪ್ಪಾ" ಎಂದಷ್ಟೇ ಹೇಳಿ ಅಳತೊಡಗಿದ. ನಾನು ಹೆಣಗಳನ್ನು ಹೊತ್ತು ತಂದವನು, ಬೇರೆಯವರ ಮನೆ ಬಾಗಿಲಲ್ಲಿ ನಿಂತು ಸಾವಿನ ಸುದ್ದಿ ಹೇಳಿದವನು. ಆ ದಿನ ಕಾರಿನ ಕೀಲಿ ತಿರುಗಿಸಲೂ ನನ್ನಿಂದ ಆಗಲಿಲ್ಲ. ಶಾಂತಾ ಓಡಿಸಿದಳು. ಅಣ್ಣನನ್ನು ನಮ್ಮ ಹೊಲದಲ್ಲೇ, ಹೊಂಗೆಮರದ ಕೆಳಗೆ, ಅಪ್ಪನ ಸಮಾಧಿಯ ಪಕ್ಕ ಮಣ್ಣು ಮಾಡಿದೆವು.

ಮೂರನೆಯ ದಿನ ಹಾಲುತುಪ್ಪ. ನಮ್ಮಲ್ಲಿ ಅಂದು ಸಮಾಧಿಗೆ ಹಾಲು ತುಪ್ಪ ಬಿಟ್ಟು, ಹೋದವರಿಗೆ ಇಷ್ಟವಾದದ್ದನ್ನೆಲ್ಲ ಬಾಳೆಲೆಯ ಮೇಲೆ ಎಡೆ ಇಟ್ಟು ಹಿಂದೆ ಸರಿದು ನಿಲ್ಲುತ್ತೇವೆ. ಕಾಗೆ ಬಂದು ಎಡೆ ಮುಟ್ಟಬೇಕು. ಮುಟ್ಟಿದರೆ ಹೋದ ಜೀವಕ್ಕೆ ತೃಪ್ತಿಯಾಯಿತು ಎಂದು ಲೆಕ್ಕ. ಮುಟ್ಟದಿದ್ದರೆ ಏನೋ ಆಸೆ ಉಳಿದಿದೆ, ಜೀವ ಇಲ್ಲೇ ಅಲೆಯುತ್ತಿದೆ ಎಂದರ್ಥ. ಅತ್ತಿಗೆ ಬೆಳಿಗ್ಗೆ ತಾವೇ ಒಲೆಯ ಮುಂದೆ ಕೂತು ಮುದ್ದೆ ಕೋಳಿಸಾರು ಮಾಡಿದ್ದರು. ಎಲೆಅಡಿಕೆ, ಒಂದು ಕಟ್ಟು ಬೀಡಿ, ಲೋಟದಲ್ಲಿ ಕಾಫಿ. ಎಲ್ಲ ಇಟ್ಟು ನಾವು ಬದುವಿನ ಮೇಲೆ ಹೋಗಿ ಕೂತೆವು.

ಕಾಗೆ ಬರಲಿಲ್ಲ.

ಮೊದಮೊದಲು ಯಾರಿಗೂ ಏನೂ ಅನ್ನಿಸಲಿಲ್ಲ. ಬಿಸಿಲು ಏರಿತು. ಕೋಳಿಸಾರಿನ ಮೇಲೆ ಕೆನೆ ಕಟ್ಟಿತು. ಗಂಡಸರು ಎದ್ದು "ಕಾ... ಕಾ..." ಎಂದು ಕೂಗಿದರು. ಮರದ ಮೇಲೆ ಒಂದು ಗುಬ್ಬಿಯೂ ಇರಲಿಲ್ಲ. ಮೇಲೆ ಮಾತ್ರ ಕಲಿಯುವ ಹುಡುಗರ ವಿಮಾನಗಳು ಒಂದರ ಹಿಂದೆ ಒಂದು ತಗ್ಗಿ ಬರುತ್ತಿದ್ದವು, ನೆಲ ಮುಟ್ಟಿ ಮತ್ತೆ ಎದ್ದು, ಸುತ್ತು ಹಾಕಿ ಮತ್ತೆ ಬರುತ್ತಿದ್ದವು. ಇಳಿಯುವುದನ್ನು ರೂಢಿ ಮಾಡಿಸುವುದು ಹಾಗೆಯೇ. ನಾನೂ ಎಷ್ಟೋ ಹುಡುಗರಿಗೆ ಹಾಗೇ ಕಲಿಸಿದ್ದೆ.

ಅತ್ತಿಗೆಯ ಅಣ್ಣ ಪಿಳ್ಳಪ್ಪ ಊರಿನ ಹಿರಿಯರು. ಅವರು ಮಂಜುವಿನ ಬೆನ್ನು ತಟ್ಟಿ, "ಓಗ್ಲಾ, ನಿಮ್ಮಪ್ಪಂಗೆ ಮಾತು ಕೊಡು" ಎಂದರು. ಮಂಜು ಸಮಾಧಿಯ ಹತ್ತಿರ ಹೋಗಿ ಕೈಮುಗಿದು, "ಅಪ್ಪಾ, ಈ ಒಲ ಮಾರಾಕಿಲ್ಲ ಕಣಪ್ಪ" ಎಂದ. ಎಲ್ಲರೂ ಆಕಾಶ ನೋಡಿದೆವು. ಏನೂ ಇಲ್ಲ. ಅಣ್ಣನ ಮಗಳು ಹೋಗಿ "ಅವ್ವನ್ನ ನಾನು ನೋಡ್ಕೋತೀನಿ" ಎಂದು ಗಳಗಳ ಅತ್ತಳು. ಏನೂ ಇಲ್ಲ. "ತಮ್ಮ ಒಬ್ಬ ಉಳ್ದವ್ನಲ್ಲ, ಅವ್ನೇನಾರ ಏಳ್ಲಿ" ಎಂದು ಯಾರೋ ನನ್ನನ್ನು ಮುಂದಕ್ಕೆ ತಳ್ಳಿದರು. ನಾನು ಹೋಗಿ ನಿಂತೆ. ಏನು ಮಾತು ಕೊಡಲಿ? ಅಣ್ಣನಿಗೆ ನನ್ನಿಂದ ಏನು ಬೇಕಿತ್ತು ಎಂಬುದೇ ನನಗೆ ಗೊತ್ತಿರಲಿಲ್ಲ. ಒಂದು ದಿನ ಅವನು ಕೇಳಿದ್ದರೆ ತಾನೆ? ಸುಮ್ಮನೆ ಕೈಮುಗಿದು ವಾಪಸು ಬಂದೆ. ಅತ್ತಿಗೆ ಬೆಳಿಗ್ಗೆಯಿಂದ ಹನಿ ನೀರು ಕುಡಿದಿರಲಿಲ್ಲ. ಅವರ ಕಣ್ಣು ಎಲೆಯ ಮೇಲೇ ಇತ್ತು.

ಆಗ ಮಂಜು ನನ್ನ ಕಿವಿಯ ಹತ್ತಿರ ಬಂದ. "ಚಿಕ್ಕಪ್ಪ, ರಾಮು ಅಂಗ್ಡಿಯಿಂದ ಒಂದ್ ಚೀಲ ಕೋಳಿ ಕಳ್ಳು ತಂದು ಚೆಲ್ಬುಟ್ರೆ ಐದ್ನಿಮ್ಸದಾಗೆ ಬರ್ತವೆ. ಗಾಡಿ ಕಳ್ಸ್ಲಾ?"

ಅವನು ಹೇಳಿದ್ದು ನಿಜ. ಕೋಳಿ ಕರುಳು ಬಿದ್ದರೆ ಕಾಗೆಯೂ ಬರುತ್ತದೆ, ಅದರ ಬೆನ್ನ ಹಿಂದೆ ಹದ್ದೂ ಬರುತ್ತದೆ. ಸರಿಯಾಗಿ ನಮ್ಮ ತಲೆಯ ಮೇಲೆ, ಇಳಿಯುವ ದಾರಿಯಲ್ಲಿ ಸುತ್ತುತ್ತದೆ. "ಬೇಡ" ಎಂದೆ. ನನಗೆ ಮೆಲ್ಲಗೆ ಮಾತಾಡಿ ಅಭ್ಯಾಸವಿಲ್ಲ, ಎಲ್ಲರಿಗೂ ಕೇಳಿಸಿತು.

ಪಿಳ್ಳಪ್ಪನವರಿಗೆ ರೇಗಿತು. "ಯಾಕ್ ಬೇಡ? ಇರೋ ಕಾಗೇನೆಲ್ಲ ಓಡ್ಸಿದ್ದು ನೀನು. ನಿನ್ ಮಾತು ಕೇಳಿ ಅವ್ನೂ ಓಡ್ಸ್ದ. ಈಗ ಅವ್ನ್ ಎಡೆಗೇ ಒಂದು ಕಾಗೆ ಇಲ್ದಂಗಾಯ್ತು. ಅದ್ಯಾವ್ದೋ ಇಮಾನ ಎಚ್ಚೋ, ನಿಮ್ಮಣ್ಣ ಎಚ್ಚೋ?"

ಯಾರೂ ಅವರನ್ನು ತಡೆಯಲಿಲ್ಲ. ಬದುವಿನ ಮೇಲಿದ್ದ ಇಷ್ಟೂ ಜನ ನನ್ನ ಮುಖ ನೋಡುತ್ತಿದ್ದರು. ಅವರ ಮೇಲೆ ಸಿಟ್ಟು ಮಾಡಿಕೊಳ್ಳಲೂ ನನಗಾಗಲಿಲ್ಲ. ನಾನು ಕಾಗೆಯ ಶಾಸ್ತ್ರ ನಂಬುವವನಲ್ಲ. ಆದರೆ ಅತ್ತಿಗೆ ನಂಬುತ್ತಾರೆ. ಈ ಎಡೆ ಹೀಗೇ ಉಳಿದರೆ, ಗಂಡ ನೆಮ್ಮದಿಯಾಗಿ ಹೋಗಲಿಲ್ಲ ಎಂಬ ಕೊರಗು ಅವರನ್ನು ಬದುಕಿರುವವರೆಗೂ ತಿನ್ನುತ್ತದೆ. ನನ್ನನ್ನು ಸೊಂಟದ ಮೇಲೆ ಹೊತ್ತು ತಿರುಗದಿದ್ದರೂ, ಈ ಮನೆಗೆ ಸೊಸೆಯಾಗಿ ಬಂದ ದಿನದಿಂದ ನನ್ನ ತಲೆಗೆ ಎಣ್ಣೆ ಹಚ್ಚಿ ಸ್ಕೂಲಿಗೆ ಕಳಿಸಿದ ಹೆಂಗಸು ಅವರು. ಅವರಿಗೆ ಇಷ್ಟನ್ನೂ ಕೊಡಲಾರೆನೆ? ಮೇಲೆ ಇನ್ನೊಂದು ವಿಮಾನ ತಗ್ಗಿ ಬರುತ್ತಿತ್ತು. ಅದರ ಬಲಗಡೆಯ ಸೀಟಿನಲ್ಲೂ ಯಾರೋ ಒಬ್ಬ ಕೂತಿದ್ದ.

ನಾನು ಅತ್ತಿಗೆಯ ಮುಂದೆ ಕುಕ್ಕರುಗಾಲಲ್ಲಿ ಕೂತೆ. "ಅತ್ತಿಗೆ, ನೀವು ತರ್ಸು ಅಂದ್ರೆ ತರಿಸ್ತೀನಿ. ನಿಮ್ ಮಾತು ಮೀರಲ್ಲ. ಆದ್ರೆ ಮೇಲೆ ಹುಡುಗ್ರಿದ್ದಾರೆ" ಎಂದೆ.

ಅತ್ತಿಗೆ ತಲೆಯೆತ್ತಿ ವಿಮಾನ ನೋಡಿದರು. ಆಮೇಲೆ ತಮ್ಮ ಅಣ್ಣನ ಕಡೆ ತಿರುಗಿ, "ಸುಮ್ನಿರಣ್ಣ ನೀನು. ಅವ್ರು ಯಾಕ್ ಉಣ್ತಿಲ್ಲ ಅಂತ ನಂಗೊತ್ತು" ಎಂದರು. "ಮೇಲೊಂದು ಆರಾಡ್ತಿರೋವಾಗ ಅವ್ರು ಯಾವತ್ತು ತುತ್ತು ಬಾಯಿಗಿಟ್ಟವ್ರೆ?"

ನನಗೆ ಅರ್ಥವಾಗಲಿಲ್ಲ. ಏನು ಹೇಳುತ್ತಿದ್ದೀರಿ ಎಂದೆ.

"ನೀನು ಈ ಕೆಲ್ಸಕ್ಕೆ ಸೇರ್ದ ವರ್ಸದಿಂದ ಇದೇ ಆಯ್ತಲ್ಲಪ್ಪ ನನ್ ಗೋಳು. ಬಿಸಿಮುದ್ದೆ ಮುರ್ದು ಬಾಯಿಗಿಡ್ಬೇಕು, ಅಷ್ಟ್ರಾಗೆ ಮೇಲೆ ಸದ್ದು. ಅಂಗೇ ತಟ್ಟೇಲಿ ಮಡಗಿ, ಎಂಜಲ್ ಕೈಲೇ ಅಂಗಳಕ್ಕೆ ಓಗಿ ನಿಂತ್ಕೊಳ್ಳೋರು. ಅದು ನೀಲಗಿರಿ ತೋಪಿನ ಇಂದಕ್ಕೆ ಇಳ್ದು ಸದ್ದು ಅಡಗ್ಬೇಕು, ಆಮೇಲೇ ಒಳೀಕ್ ಬಂದು ಉಣ್ಣೋರು. ನಾನೆಷ್ಟ್ ಬೈದಿವ್ನಿ. ನಿನ್ ತಮ್ಮ ಅದ್ಯಾವ್ ದೇಸ್ದಾಗವ್ನೋ, ಇದ್ರಾಗೆಲ್ಲಿ ಅವ್ನೆ, ಬಂದು ಉಣ್ಣು ಅಂತ. 'ಯಾರ್ ತಮ್ಮನೋ ಒಬ್ಬ ಇರ್ತಾನಲ್ಲ ಕಣೇ' ಅನ್ನೋರು."

"ನಂಗ್ಯಾಕೆ ಯಾರೂ ಒಂದ್ ಮಾತು ಹೇಳ್ಲಿಲ್ಲ ಅತ್ತಿಗೆ?" ಎಂದೆ.

"ಏಳ್ಬ್ಯಾಡ ಅಂದಿದ್ರು. ಅವ್ನ ಗ್ಯಾನ ಎಲ್ಲ ಇಳ್ಸೋದ್ರ ಮೇಲೇ ಇರ್ಲಿ, ನನ್ ಮೇಲೆ ಬ್ಯಾಡ ಅಂತ."

ನಾನು ಮುಖ ಮುಚ್ಚಿಕೊಳ್ಳಲಿಲ್ಲ. ಅಷ್ಟು ಜನರ ಮುಂದೆ, ಆ ಬದುವಿನ ಮೇಲೆ ಕೂತು, ಅಪ್ಪ ಸತ್ತಾಗ ಅತ್ತ ಹಾಗೆ ಜೋರಾಗಿ ಅತ್ತೆ. ಶಾಂತಾ ಬಂದು ಹೆಗಲ ಮೇಲೆ ಕೈಯಿಟ್ಟಳು. ಎಂಥ ಮಂಕ ನಾನು! ಇಷ್ಟು ವರ್ಷ ಅವನು ಕೇಳಲಿಲ್ಲ, ಕೇಳಲಿಲ್ಲ ಎಂದು ಹೊಟ್ಟೆಯಲ್ಲಿ ಇಟ್ಟುಕೊಂಡು ಓಡಾಡಿದ್ದೆ. ಅವನು ದಿನವೂ ತಣ್ಣಗಾದ ಮುದ್ದೆ ತಿಂದಿದ್ದ.

"ಚೀಲ ಗೀಲ ಏನೂ ತರ್ಬ್ಯಾಡಿ. ಅವು ಇಳೀಲಿ ಮೊದ್ಲು" ಎಂದರು ಅತ್ತಿಗೆ. ಪಿಳ್ಳಪ್ಪನವರು ಟವಲ್ಲು ಕೊಡವಿ ಮತ್ತೆ ಕೂತರು. ಮಂಜು ಹೊಂಗೆಮರಕ್ಕೆ ಒರಗಿ ನಿಂತ. ನಾವು ಅಷ್ಟೂ ಜನ ತಲೆಯೆತ್ತಿಕೊಂಡು ಕಾದೆವು. ಒಂದು ಬಂತು, ನೆಲ ಮುಟ್ಟಿ ಮತ್ತೆ ಎದ್ದಿತು. ಇನ್ನೊಂದು ಬಂತು, ಅದೂ ಎದ್ದಿತು. ನಾನು ಹಾರುವಾಗ ಕೆಳಗಿನಿಂದ ನೋಡುವವರ ಕಷ್ಟ ನನಗೆ ತಿಳಿದಿರಲಿಲ್ಲ. ರೆಕ್ಕೆ ಸ್ವಲ್ಪ ವಾಲಿದರೂ ಜೀವ ಬಾಯಿಗೆ ಬರುತ್ತಿತ್ತು. ಬೆಳಗಿನ ಪಾಠ ಮುಗಿಯುತ್ತ ಬಂದು, ವಿಮಾನಗಳು ಒಂದೊಂದಾಗಿ ಇಳಿದು ನಿಂತವು. ಕೊನೆಗೆ ಒಂದೇ ಉಳಿಯಿತು. ಅದು ನಮ್ಮ ತಲೆಯ ಮೇಲೆ ತಗ್ಗಿ ತೋಪಿನ ಹಿಂದೆ ಮರೆಯಾಯಿತು. ಕಿವಿಗೊಟ್ಟೆ. ಎಂಜಿನ್ನಿನ ದನಿ ಮತ್ತೆ ಏರಲಿಲ್ಲ, ಇಳಿಯುತ್ತ ಇಳಿಯುತ್ತ ಹೋಗಿ ನಿಂತಿತು.

"ಇಳೀತು ಅತ್ತಿಗೆ" ಎಂದೆ.

ಅತ್ತಿಗೆ ಎದ್ದು ಸಮಾಧಿಯ ಹತ್ತಿರ ಹೋದರು. ಸೆರಗನ್ನು ತಲೆಯ ಮೇಲೆ ಎಳೆದುಕೊಂಡು ಕೂತು, ಎಲೆಯನ್ನು ಎರಡೂ ಕೈಯಿಂದ ಇನ್ನಷ್ಟು ಮುಂದಕ್ಕೆ ಸರಿಸಿದರು.

"ಇಳೀತಂತೆ" ಎಂದರು. "ಇನ್ನ ಉಣ್ಣಿ."

ಆಮೇಲೆ ಕಾಗೆಯ ದಾರಿ ನೋಡದೆ, ಬಂದವರಿಗೆ ಎಲೆ ಹಾಕಿಸಲು ಮನೆಯ ಕಡೆ ಹೊರಟರು.